ಹಗೇವಿನಿಂದ ಮಾತ್ರೆವರೆಗೆ: ನಮ್ ಕಡೆ ಕಾಳು ಕಾಯ್ದ ಕಥೆ

ಅವರೆ, ಅಲಸಂದೆ, ಹುರುಳಿ ಒಕ್ಕಣೆ ಮುಗೀತಾ ಬಂತು. ಬೆಳೆದದ್ದು ಒಂದು ಕಷ್ಟ, ಬೆಳೆದದ್ದನ್ನ ಹುಳದ ಬಾಯಿಗೆ ಬೀಳದಂಗೆ ಉಳಿಸ್ಕೊಳ್ಳೋದು ಇನ್ನೊಂದು ಕಷ್ಟ. ಬೆಳೆ ಬಗ್ಗೆ, ರೋಗದ ಬಗ್ಗೆ, ರೇಟಿನ ಬಗ್ಗೆ ಇಲ್ಲಿ ಬೇಕಾದಷ್ಟು ಬರೆದಿದ್ದೀನಿ. ಮನೆಗೆ ಬಂದ ಕಾಳನ್ನ ನಮ್ಮ ಹಿಂದಿನೋರು ಹೆಂಗೆ ಇಟ್ಕೊಂಡಿದ್ರು, ಅದು ಯಾವಾಗ ಬದಲಾಯ್ತು, ಈಗ ನಾವು ಏನ್ ಮಾಡ್ತಾ ಇದೀವಿ ಅನ್ನೋದನ್ನ ಬರೆದಿರಲಿಲ್ಲ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ. ಕೊನೇ ಭಾಗನಂತೂ ಮನೇಲಿ ಹೆಂಗಸರಿಗೂ ಓದಿ ಹೇಳಿ.

ಮೊದಲು ಹಗೇವು. ನಲವತ್ತು ವರ್ಷದ ಒಳಗಿನ ಹುಡುಗರು ಈ ಮಾತನ್ನ ಕೇಳಿರಬಹುದು, ನೋಡಿರೋರು ಕಮ್ಮಿ. ಹಗೇವು ಅಂದ್ರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೋದಂಗೆ ಅಗಲ. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಮಾತ್ರ ತೋಡೋರು. ಎರೆ ಭೂಮೀಲಿ ಆಗಲ್ಲ, ತೇವ ಎಳೀತದೆ, ಬಿರುಕು ಬಿಡ್ತದೆ. ಅದಕ್ಕೇ ನಮ್ ಕಡೆ ಊರ ದಿಣ್ಣೆ ಕಡೆ, ಗುಡಿ ಮುಂದೆ, ಮನೆ ಹಿತ್ತಲ ಗಟ್ಟಿ ಜಾಗದಲ್ಲಿ ಹಗೇವು ಇರ್ತಿದ್ವು. ಒಳಗೆ ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು, ಚಪ್ಪಡಿ, ಅದರ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಟ್ಟರೆ ಮುಗೀತು. ಮೇಲೆ ದನ ಓಡಾಡಿದ್ರೂ ಕೆಳಗೆ ರಾಗಿ ಅದೆ ಅಂತ ಗೊತ್ತಾಗ್ತಿರಲಿಲ್ಲ.

ಇದು ಬರೀ ಅಜ್ಜಿ ಕಥೆ ಅಲ್ಲ, ಬರವಣಿಗೇಲೂ ಅದೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ, ಮಾರನೇ ವರ್ಷ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಕಂಪನಿ ಡಾಕ್ಟರನ್ನ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸಿದ. ಈ ಬುಕನನ್ನು ಊರೂರು ತಿರುಗಿ ಯಾವ ನೆಲ, ಯಾವ ಬೆಳೆ, ಎಷ್ಟು ಬಿತ್ತನೆ, ಎಷ್ಟು ಫಸಲು ಅಂತ ರೈತರನ್ನೇ ಕೇಳಿ ಕೇಳಿ ಬರ್ಕೊಂಡ. ಅದು 1807ರಲ್ಲಿ ಲಂಡನ್ನಲ್ಲಿ ಮೂರು ಸಂಪುಟ ಪುಸ್ತಕ ಆಗಿ ಬಂತು. ನಮ್ಮ ಯಳಂದೂರನ್ನ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದೂ ಅದೇ 1807ರಲ್ಲೇ.

ಶ್ರೀರಂಗಪಟ್ಟಣದ ಸುತ್ತಮುತ್ತ ರೈತರು ಭತ್ತ ಕೂಡಿಡೋ ಬಗೆಗಳನ್ನ ಬುಕನನ್ ಒಂದೊಂದಾಗಿ ಬರೆದಿದ್ದಾನೆ. ಹಗೇವಿಗೆ ಗಟ್ಟಿ ಕಲ್ಲುನೆಲದಲ್ಲಿ 15-16 ಮೊಳ ಆಳಕ್ಕೆ ಇಕ್ಕಟ್ಟಾದ ಬಾವಿ ತೋಡಿ, ಕೆಳಗೆ ಪಕ್ಕಕ್ಕೆ ಕೊರೆದು ಗುಹೆ ಮಾಡ್ತಿದ್ರು, ಮೇಲಿನ ಛಾವಣಿ ಎರಡು ಮೊಳ ದಪ್ಪ ಬಿಡ್ತಿದ್ರು, ಸುತ್ತ ಹುಲ್ಲು ಹಾಕ್ತಿದ್ರು, ಒಂದರಲ್ಲಿ 15ರಿಂದ 30 ಖಂಡುಗ ಹಿಡೀತಿತ್ತು ಅಂತ. ಮೊಳ ಅಂದ್ರೆ ಒಂದೂವರೆ ಅಡಿ ಲೆಕ್ಕ ಹಿಡಿದ್ರೂ 22 ಅಡಿಗಿಂತ ಆಳ ಆಯ್ತು. ಎರಡನೇದು ಕಣಜ: ಹೆಗ್ಗಣ ಬರದಂಗೆ ದಪ್ಪ ಹಲಗೆ ನೆಲ, ಗಾಳಿಗೆ ಕಿಂಡಿ ಇಲ್ಲ, ಕಾಳು ತೆಗೆಯೋಕೆ ಒಂದರ ಮೇಲೊಂದು ಸಣ್ಣ ಬಾಗಿಲು. ಮೂರನೇದು ವಾಡೆ: ಕುಂಬಾರರು ಮಾಡಿಕೊಡೋ ಉದ್ದನೆ ಮಣ್ಣಿನ ಪಾತ್ರೆ. ಅದರ ಬಾಯಿಗೆ ಒಂದು ಮಡಕೆ ಬೋರಲು ಹಾಕಿ, ತಳದ ತೂತಿಂದ ಬೇಕಾದಷ್ಟು ಕಾಳು ಇಳಿಸ್ಕೊಳ್ಳೋದು. ನಾಲ್ಕನೇದು ಹುಲ್ಲಿನ ಮುಡಿ. ಇನ್ನೂರು ವರ್ಷ ಆದ ಮೇಲೂ ಈ ಹೆಸರುಗಳು ನಮ್ಮ ಬಾಯಲ್ಲಿ ಹಂಗೇ ಅವೆ. ವಾಡೆ, ಗುಡಾಣ ನಾವು ಚಿಕ್ಕೋರಿದ್ದಾಗ ಅಡುಗೆಮನೆ ಮೂಲೇಲಿ ಕಂಡಿದ್ದೇ.

ಬುಕನನ್ ಒಂದು ತೊಂದರೇನೂ ಬರೆದಿದ್ದಾನೆ. ಹಗೇವು ತೆಗೆದ್ರೆ ಪೂರ್ತಿ ಒಂದೇ ಸಲಕ್ಕೆ ಖಾಲಿ ಮಾಡ್ಬೇಕು. ಯಾಕೆ ಅಂತ ಯೋಚನೆ ಮಾಡಿದ್ರೆ ಇಡೀ ಗುಟ್ಟು ಅಲ್ಲೇ ಅದೆ.

ಕಾಳೂ ಉಸಿರಾಡ್ತದೆ, ಹುಳಾನೂ ಉಸಿರಾಡ್ತದೆ. ಗಾಳಿ ಆಡದಂಗೆ ಮುಚ್ಚಿದ ಜಾಗದಲ್ಲಿ ಇವೆರಡೂ ಸೇರಿ ಒಳಗಿನ ಆಮ್ಲಜನಕ ತಿಂದು ಮುಗಿಸ್ತವೆ. ಅದು ಇಳೀತಾ ಇಳೀತಾ ಮೊದಲು ಹುಳ ತಿನ್ನೋದು ನಿಲ್ಲಿಸ್ತದೆ, ಮೊಟ್ಟೆ ಇಡೋದು ನಿಲ್ಲಿಸ್ತದೆ, ಆಮೇಲೆ ಸಾಯ್ತದೆ. ಅಂದ್ರೆ ಹುಳ ತಾನು ಬಿಟ್ಟ ಉಸಿರಲ್ಲೇ ತಾನು ಸಾಯೋದು. ಔಷಧಿ ಇಲ್ಲ, ಖರ್ಚಿಲ್ಲ. ಒಂದು ಸಲ ಬಾಯಿ ತೆಗೆದ್ರೆ ಹೊಸ ಗಾಳಿ ಹೊಕ್ತದೆ, ಕಾವಲು ಅಲ್ಲಿಗೆ ಮುಗೀತು. ಅದಕ್ಕೇ ಒಂದೇ ಸಲಕ್ಕೆ ಖಾಲಿ ಮಾಡೋದು.

ಹುಳ ಸಾಯಿಸೋ ಗಾಳಿ ಮನುಷ್ಯನನ್ನ ಬಿಡ್ತದಾ? ಹಗೇವು ತೆಗೆದ ತಕ್ಷಣ ಇಳಿದೋರು ಉಸಿರು ಕಟ್ಟಿ ಅಲ್ಲೇ ಬಿದ್ದಿದ್ದುಂಟು. ಅದಕ್ಕೆ ಬಾಯಿ ತೆಗೆದು ಹೊತ್ತು ಹೋಗಲು ಬಿಡೋರು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡೋರು. ದೀಪ ಆರಿದ್ರೆ ಇಳೀಬಾರದು. ಇಳಿಯೋರು ಯಾವಾಗ್ಲೂ ಆಳುಗಳೇ, ರಾಗಿ ಯಜಮಾನರಲ್ಲ. ಇದನ್ನೂ ಬರೀಬೇಕು. ಹಗೇವು ಇದ್ದದ್ದು ಹೊಲಗದ್ದೆ ಇದ್ದೋರಿಗೆ. ಕೂಲಿ ಮಾಡೋರ ಮನೇಲಿ ಹತ್ತಿಪ್ಪತ್ತು ಸೇರು ಹಿಡಿಯೋ ಗುಡಾಣ ಇದ್ರೆ ಹೆಚ್ಚು. ಮುಂಗಾರಲ್ಲಿ ಅವರು ಹಗೇವಿನ ಮನೆ ಮುಂದೆ ನಿಂತು ಸಾಲ ತಗೊಂಡು, ಸುಗ್ಗೀಲಿ ಬಡ್ಡಿ ಸೇರಿಸಿ ರಾಗಿ ಅಳೆಯೋರು. ಹಗೇವಿನ ಕಾಲ ಎಲ್ಲರಿಗೂ ಬಂಗಾರದ ಕಾಲ ಆಗಿತ್ತು ಅಂತ ನಾನು ಹೇಳಲ್ಲ.

ಹಗೇವಿಗೆ ಮುಖ್ಯವಾಗಿ ರಾಗೀನೇ ಯಾಕೆ ಅಂದ್ರೆ, ರಾಗಿ ಕಾಳು ಸಣ್ಣದು, ಗಟ್ಟಿ. ಕುಟ್ಟೆ ಹುಳ ಕಾಳಿನ ಒಳಗೆ ಕೂತು ಬೆಳೀಬೇಕು, ರಾಗಿ ಒಳಗೆ ಅದಕ್ಕೆ ಜಾಗ ಸಾಲದು. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡಲ್ಲ. ಮಳೆ ನಂಬಿ ಬದುಕೋ ಸೀಮೆಗೆ ಅದೇ ಬ್ಯಾಂಕು. ಆದ್ರೆ ಒಂದು ವರ್ಷದ ಬರಕ್ಕೆ ತಡೆಯೋ ಬ್ಯಾಂಕು ಸತತ ಬರಕ್ಕೆ ತಡೆಯಲ್ಲ. ಧಾತು ಈಶ್ವರದ ಬರ ಅಂತ ಹಿರೀಕರು ಹೇಳ್ತಿದ್ದದ್ದು 1876-78ರ ಬರ. 1871ರ ಜನಗಣತೀಲಿ ಮೈಸೂರು ಸೀಮೇಲಿ 50 ಲಕ್ಷಕ್ಕಿಂತ ಹೆಚ್ಚು ಜನ ಇದ್ರು, 1881ರ ಗಣತಿಗೆ 42 ಲಕ್ಷ ಮುಟ್ಟಲಿಲ್ಲ. ಹಗೇವುಗಳು ಬರಿದಾದ ಮೇಲೆ ಏನಾಯ್ತು ಅಂತ ಈ ಎರಡು ಸಂಖ್ಯೆ ಹೇಳ್ತವೆ.

ಎರಡನೇ ಮಹಾಯುದ್ಧದ ಕಾಲಕ್ಕೆ ಲೆವಿ ಬಂತು, ರೇಷನ್ ಬಂತು. ಆಗ ನಮ್ಮ ಯಳಂದೂರು ಮೈಸೂರು ಸಂಸ್ಥಾನ, ಪಕ್ಕದ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ನಡುವೆ ಗಡಿ. 1956ರ ನವೆಂಬರ್ 1ಕ್ಕೆ ಎರಡೂ ಒಂದೇ ರಾಜ್ಯ ಆಯ್ತು. ಲೆವಿ ಅಳೆಯೋಕೆ ಅಧಿಕಾರಿಗಳು ಬರ್ತಾರೆ ಅಂದ್ರೆ ಹಗೇವಿನ ಬಾಯಿ ಮೇಲೆ ಗೊಬ್ಬರದ ಗುಡ್ಡೆ ಹಾಕಿ ಮುಚ್ಚಿಡೋರು ಅಂತ ನಮ್ಮ ತಾತ ನಗ್ತಾ ಹೇಳೋರು. ಆಮೇಲೆ ಸೊಸೈಟಿ ಅಂಗಡಿ ಅಕ್ಕಿ ಬಂತು, ಮಾರೋ ಬೆಳೆ ಬಂತು, ಕಬ್ಬು, ರೇಷ್ಮೆ, ಅರಿಶಿನ ಬಂತು. ಕೂಡಿಡೋಕೆ ರಾಗೀನೇ ಕಮ್ಮಿ ಆಯ್ತು. ಹಗೇವಿಗೆ ಮಣ್ಣು ತುಂಬಿ ಮೇಲೆ ಮನೆ ಕಟ್ಟಿದ್ರು.

ಹಗೇವು ಗಂಡಸರ ಕೆಲಸ ಆದ್ರೆ, ಕಾಳು ಕಾಯೋ ನಿಜವಾದ ವಿದ್ಯೆ ಇದ್ದದ್ದು ಹೆಂಗಸರ ಕೈಯಲ್ಲಿ. ಅವರೆ, ಅಲಸಂದೆ, ಹೆಸರು, ಕಡಲೆ ಇವು ರಾಗಿ ಥರ ಅಲ್ಲ. ಇವಕ್ಕೆ ಬೀಳೋ ಹುಳ ಮನೇಲಿ ಹುಟ್ಟೋದಲ್ಲ, ಹೊಲದಿಂದಲೇ ಬರ್ತದೆ. ಕಾಯಿ ಬಲೀತಿದ್ದಂಗೆ ದುಂಬಿ ಬಂದು ಮೊಟ್ಟೆ ಅಂಟಿಸ್ತದೆ. ಐದಾರು ದಿನಕ್ಕೆ ಮರಿ ಹೊರಟು ನೇರ ಕಾಳಿನೊಳಕ್ಕೆ ಕೊರೀತದೆ. ಸುಮಾರು ಒಂದು ತಿಂಗಳಿಗೆ ದುಂಡನೆ ತೂತು ಮಾಡ್ಕೊಂಡು ದುಂಬಿ ಆಗಿ ಆಚೆ ಬರ್ತದೆ. ಆ ದುಂಬಿ ಕಾಳು ತಿನ್ನಲ್ಲ, ಬದುಕೋದೂ ಹತ್ತು ಹನ್ನೆರಡು ದಿನ, ಅಷ್ಟರಲ್ಲಿ ನೂರರ ತನಕ ಮೊಟ್ಟೆ ಇಡ್ತದೆ. ಲೆಕ್ಕ ನೀವೇ ಹಾಕಿ. ಸುಗ್ಗೀಲಿ ಕಣ್ಣಿಗೆ ಬೀಳದ ನಾಕು ಹುಳ ಯುಗಾದಿ ಹೊತ್ತಿಗೆ ಮೂಟೆನೇ ಹಿಟ್ಟು ಮಾಡೋದು ಹಿಂಗೆ.

ಇದನ್ನ ಯಾವ ಪುಸ್ತಕನೂ ಓದದೆ ನಮ್ಮ ಅವ್ವ, ಅಜ್ಜೀರು ತಡೀತಿದ್ರು. ಬಿತ್ತನೆ ಕಾಳಿಗೆ ಬೂದಿ. ತೊಗರಿ, ಅವರೆಗೆ ಕೆಮ್ಮಣ್ಣು ಕಲಸಿ ಹಚ್ಚಿ ಒಣಗಿಸೋದು. ತಿನ್ನೋ ಕಾಳಿಗೆ ಹರಳೆಣ್ಣೆ ಸವರೋದು. ವಾಡೆ ತಳಕ್ಕೆ, ಮೇಲಕ್ಕೆ ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಮುಸುಕಿನ ಜೋಳದ ತೆನೆ ಒಲೆ ಮೇಲೆ ಹೊಗೇಲಿ ನೇತು ಹಾಕೋದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮನೇಲಿ ಬೀಜದ ತೆನೆ ಹಿಂಗೆ ಹೊಗೆ ಹಿಡಿದು ಕಪ್ಪಾಗಿರ್ತಿದ್ದದ್ದನ್ನ ಹಬ್ಬಕ್ಕೆ ಬೆಟ್ಟ ಹತ್ತಿದೋರು ನೋಡಿರ್ತೀರಿ. ಉಳಿದ ಕಾಳನ್ನ ಬೇಳೆ ಒಡೆದಿಡೋದು, ಯಾಕಂದ್ರೆ ದುಂಬಿಗೆ ಇಡೀ ಕಾಳು ಬೇಕು, ಒಡೆದ ಬೇಳೇಲಿ ಅದರ ಆಟ ಅಷ್ಟು ನಡೆಯಲ್ಲ. ಅಮಾವಾಸ್ಯೆ ದಿನ ತುಂಬಿದ್ರೆ ಹುಳ ಬೀಳಲ್ಲ ಅಂತಾನೂ ಒಂದು ಮಾತು. ಅದರಲ್ಲಿ ನನಗೆ ನಂಬಿಕೆ ಇಲ್ಲ. ಆದ್ರೆ ಅಮಾವಾಸ್ಯೆ ಬರೋ ತನಕ ಕಾಯ್ತಾ ಇನ್ನೂ ನಾಕು ಬಿಸಿಲು ಕೊಟ್ಟಿದ್ರೆ, ಕೆಲಸ ಮಾಡಿದ್ದು ಬಿಸಿಲು.

ಮಣ್ಣು, ಬೂದಿ ಹೆಂಗೆ ಕೆಲಸ ಮಾಡ್ತವೆ? ಹುಳದ ಮೈ ಮೇಲೆ ಮೇಣದ ಥರ ತೆಳ್ಳನೆ ಪದರ ಇರ್ತದೆ, ಮೈಯ ನೀರು ಆರದಂಗೆ ಅದು ಕಾಯ್ತದೆ. ನುಣ್ಣನೆ ಮಣ್ಣಿನ ಪುಡಿ ಆ ಪದರಾನ ಉಜ್ಜಿ ಹೀರಿಬಿಡ್ತದೆ. ಹುಳ ಒಣಗಿ ಸಾಯ್ತದೆ. ಎಣ್ಣೆ ಸವರಿದ್ರೆ ಮೊಟ್ಟೆ ಕಾಳಿಗೆ ಅಂಟಲ್ಲ, ಅಂಟಿದ್ದಕ್ಕೆ ಉಸಿರಿಲ್ಲ.

ಇದರ ಮೇಲೆ ನಮ್ಮ ಮೈಸೂರಲ್ಲೇ ದೊಡ್ಡ ಕೆಲಸ ನಡೆದದೆ. ಚೆಲುವಾಂಬ ಅರಮನೇಲಿ ಇರೋ ಸಿಎಫ್‌ಟಿಆರ್‌ಐ, ಅಂದ್ರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಶುರುವಾಗಿದ್ದು 1950ರಲ್ಲಿ. ಅಲ್ಲಿನ ವಿಜ್ಞಾನಿ ಮಜುಂದಾರ್, ಮೊದಲ ನಿರ್ದೇಶಕರಾಗಿದ್ದ ಸುಬ್ರಹ್ಮಣ್ಯನ್ ಮತ್ತು ಜೊತೆಯವರು ಜೇಡಿಮಣ್ಣು, ಇದ್ದಿಲನ್ನ ಹದ ಮಾಡಿ ಕಾಳಿಗೆ ಬೆರೆಸಿದ್ರೆ ಹುಳ ಸಾಯ್ತವೆ ಅಂತ ತೋರಿಸಿ 1959ರಲ್ಲಿ ನೇಚರ್ ಅನ್ನೋ ಪತ್ರಿಕೇಲಿ ಬರೆದ್ರು. ಇಡೀ ಪ್ರಪಂಚದ ವಿಜ್ಞಾನಿಗಳು ಓದೋ ಪತ್ರಿಕೆ ಅದು. ಕೆಮ್ಮಣ್ಣು ಹಚ್ಚಿದ ಅಜ್ಜೀರ ಕೈಗೂ ಆ ಬರಹಕ್ಕೂ ದೂರ ಏನಿಲ್ಲ.

ಆದ್ರೆ ಊರಿಗೆ ಬಂದದ್ದು ಮಣ್ಣಲ್ಲ, ಪುಡಿ. 1953ರಲ್ಲಿ ಸರ್ಕಾರ ಮಲೇರಿಯಾ ಕಾರ್ಯಕ್ರಮ ಶುರು ಮಾಡಿ ಮನೆ ಮನೆಗೆ ಡಿಡಿಟಿ ಹೊಡೆಸ್ತು. ಸೊಳ್ಳೆ ಸತ್ತಿದ್ದನ್ನ ಕಣ್ಣಾರೆ ಕಂಡ ಜನಕ್ಕೆ ಆ ಬಿಳಿ ಪುಡಿ ಮೇಲೆ ನಂಬಿಕೆ ಬಂತು. ಹಿಂದೇನೇ ಬಿಎಚ್‌ಸಿ ಬಂತು, ನಾವು ಗಮಾಕ್ಸಿನ್ ಅಂತಿದ್ದದ್ದು. ಹೊಲಕ್ಕೆ ಅಂತ ತಂದದ್ದು ಮೂಟೆ ಸಾಲಿಗೂ ಬಿತ್ತು, ಬಿತ್ತನೆ ಕಾಳಿಗೂ ಬಿತ್ತು. ಬಿತ್ತಿ ಉಳಿದ ಕಾಳನ್ನ ತೊಳೆದು ಸಾರು ಮಾಡಿದ ಮನೆಗಳೂ ಅವೆ. ಆ ಪುಡಿ ನೀರಲ್ಲಿ ಹೋಗೋದಲ್ಲ, ಕೊಬ್ಬಲ್ಲಿ ಸೇರ್ಕೊಳ್ಳೋದು ಅಂತ ಯಾರೂ ಹೇಳಿರಲಿಲ್ಲ. ಬೇಸಾಯಕ್ಕೆ ಡಿಡಿಟಿ ನಿಂತದ್ದು 1989ರಲ್ಲಿ. ಬಿಎಚ್‌ಸಿ ನಿಷೇಧ ಆದದ್ದು 1997ರ ಏಪ್ರಿಲ್ 1ಕ್ಕೆ.

ನಡುವೆ ಸರ್ಕಾರ ಒಂದು ಒಳ್ಳೇ ಕೆಲಸಾನೂ ಮಾಡ್ತು. ಉತ್ತರ ಪ್ರದೇಶದ ಹಾಪುರದಲ್ಲಿ 1958ರಲ್ಲಿ ಧಾನ್ಯ ದಾಸ್ತಾನಿನ ಕೇಂದ್ರ ತೆಗೀತು. 1965ರ ಹೊತ್ತಿಗೆ ಧಾನ್ಯ ಉಳಿಸಿ ಆಂದೋಲನ ಶುರುವಾಯ್ತು. ತಗಡಿನ ಕಣಜ ಕೊಟ್ರು, ಹಳ್ಳಿ ಜನಕ್ಕೆ ತರಬೇತಿ ಕೊಟ್ರು. ಹಳೇ ಮನೆಗಳಲ್ಲಿ ಇವತ್ತಿಗೂ ಇರೋ ದುಂಡನೆ ತಗಡಿನ ಡ್ರಮ್ಮು ಆ ಕಾಲದ್ದು. ಅದರ ಜೊತೇನೇ ಇಡಿಬಿ ಅನ್ನೋ ಔಷಧಿ ತುಂಬಿದ ಸಣ್ಣ ಗಾಜಿನ ಬುಡ್ಡಿಗಳೂ ಬಂದ್ವು. ಬಟ್ಟೇಲಿ ಸುತ್ತಿ, ಮುರಿದು, ಕಾಳಿನೊಳಗೆ ತುರುಕಿ ಮುಚ್ಚಳ ಹಾಕೋದು. ಹುಳ ಸಾಯ್ತಿತ್ತು, ನಿಜ. ಅದು ಕ್ಯಾನ್ಸರ್ ತರೋ ವಸ್ತು ಅಂತ ಅಮೆರಿಕ 1984ರಲ್ಲೇ ಕಾಳಿಗೆ ಬಳಸೋದು ನಿಲ್ಲಿಸ್ತು. ನಮ್ಮ ದೇಶದಲ್ಲಿ ನಿಷೇಧ ಆದದ್ದು 2001ರ ಜುಲೈನಲ್ಲಿ. ಹದಿನೇಳು ವರ್ಷದ ಅಂತರ. ಪ್ರತಿ ಸಲಾನೂ ಇದೇ ಕಥೆ ನೋಡಿ: ಹೊಸದು ಬರ್ತದೆ, ಇದೇನೂ ಆಗಲ್ಲ ಅಂತಾರೆ, ಒಂದು ತಲೆಮಾರು ತಿಂದಾದ ಮೇಲೆ ನಿಷೇಧ ಅಂತಾರೆ.

ಈಗ ಮಾತ್ರೆ. ನಾನು ಇಷ್ಟುದ್ದ ಬರೀತಾ ಇರೋದೇ ಇದಕ್ಕೆ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಅಂಗಡೀಲಿ ಕಾಳಿನ ಮಾತ್ರೆ, ಗ್ಯಾಸ್ ಮಾತ್ರೆ ಅಂತ ಕೇಳಿದ್ರೆ ಕೊಡ್ತಾರೆ. ಇದು ಸರ್ಕಾರಿ ಗೋದಾಮಿಗೆ ಇರೋದು. ಅಲ್ಲಿ ದೊಡ್ಡ ತಾಡಪಾಲು ಹೊದಿಸಿ, ಅಂಚಿಗೆ ಮರಳು ಚೀಲ ಇಟ್ಟು, ಮುಖಕ್ಕೆ ಮಾಸ್ಕು ಹಾಕ್ಕೊಂಡ ತರಬೇತಿ ಆದೋರು ಮಾತ್ರ ಹಾಕ್ತಾರೆ. ಜನ ವಾಸ ಇರೋ ಮನೇಲಿ ಬಳಸೋ ಹಂಗೇ ಇಲ್ಲ. ಸರ್ಕಾರಿ ಸಂಸ್ಥೆಗಳಿಗೆ, ಪರವಾನಗಿ ಇರೋ ಕೀಟ ನಿಯಂತ್ರಣದೋರಿಗೆ ಮಾತ್ರ ಮಾರಬೇಕು ಅಂತ ನಿಯಮ. ಆದ್ರೂ ಈ ಸುಗ್ಗೀಲಿ ನಮ್ ಬೀದೀಲೇ ಒಬ್ರು ಕಾಗದದಲ್ಲಿ ಸುತ್ತಿಸ್ಕೊಂಡು ಬಂದು, ಅಲಸಂದೆ ಮೂಟೆಗೆ ಹಾಕಿ, ಮೊಮ್ಮಕ್ಕಳು ಮಲಗೋ ಕೋಣೇಲೇ ಇಟ್ಟಿದ್ರು. ಹೇಳಿದ ಮೇಲೆ ಮಕ್ಕಳನ್ನ ಆಚೆ ಕಳಿಸಿ, ಬಾಗಿಲು ಕಿಟಕಿ ತೆಗೆದು ಮನೆ ಬಿಟ್ಟು ನಿಂತ್ರು. ಅವರು ತಿಳೀದೆ ಮಾಡಿದ್ದು. ಕೊಟ್ಟೋರು ತಿಳಿದೂ ಒಂದು ಮಾತು ಹೇಳಲಿಲ್ಲ.

ಈ ಮಾತ್ರೆ ಗಾಳೀಲಿರೋ ತೇವಕ್ಕೇ ಕರಗಿ ಫಾಸ್ಫೀನ್ ಅನ್ನೋ ಅನಿಲ ಬಿಡ್ತದೆ. 3 ಗ್ರಾಂ ಮಾತ್ರೆಯಿಂದ 1 ಗ್ರಾಂ ಅನಿಲ. ಗೋಣಿಚೀಲ ಅದನ್ನ ತಡೆಯಲ್ಲ, ಬಾಗಿಲು ಸಂದೀಲಿ ಪಕ್ಕದ ಕೋಣೆಗೂ ಹೋಗ್ತದೆ. ಬೆಳ್ಳುಳ್ಳಿ ಇಲ್ಲಾ ಕೊಳೆತ ಮೀನಿನ ವಾಸನೆ ಬರಬಹುದು, ಬರದೆಯೂ ಇರಬಹುದು. ವಾಸನೆ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ವಾಂತಿ, ತಲೆಸುತ್ತು, ಎದೆ ಬಿಗಿ, ಉಸಿರಾಟದ ಕಷ್ಟ ಶುರುವಾದ್ರೆ ಜನ ಊಟದಲ್ಲಿ ಏನೋ ಆಗಿರಬೇಕು ಅಂದ್ಕೊಂಡು ಅದೇ ಮನೇಲಿ ಮಲಗ್ತಾರೆ. ಇದಕ್ಕೆ ಪ್ರತ್ಯೌಷಧ ಅನ್ನೋದೇ ಇಲ್ಲ. ಮಕ್ಕಳಿಗೆ ದೊಡ್ಡವರಿಗಿಂತ ಬೇಗ ತಗುಲ್ತದೆ. ಹಂಗೇನಾದ್ರೂ ಆದ್ರೆ ಎಲ್ಲರೂ ತಕ್ಷಣ ಬಯಲಿಗೆ ಬರಬೇಕು, ಆಸ್ಪತ್ರೆಗೆ ಹೋಗಿ ಮನೇಲಿ ಮಾತ್ರೆ ಇಟ್ಟಿದ್ವಿ ಅಂತ ಬಾಯಿಬಿಟ್ಟು ಡಾಕ್ಟರಿಗೆ ಹೇಳಬೇಕು. ಹೇಳದಿದ್ರೆ ಅವರಿಗೆ ಗೊತ್ತಾಗೋದು ಹೆಂಗೆ?

ಹಗೇವಿಗೆ ಇಳಿಯೋ ಮುಂಚೆ ದೀಪ ಬಿಟ್ಟು ನೋಡ್ತಿದ್ರು. ಆ ಜನಕ್ಕೆ ಅಪಾಯ ಎಲ್ಲಿ ಅದೆ ಅಂತ ಗೊತ್ತಿತ್ತು, ಅದನ್ನ ಮಣ್ಣಿನ ಕೆಳಗೆ ಇಟ್ಟಿದ್ರು. ನಾವು ಅದನ್ನ ಹಾಸಿಗೆ ಪಕ್ಕಕ್ಕೆ ತಂದಿದೀವಿ.

ಹಂಗಾದ್ರೆ ಏನ್ ಮಾಡೋದು? ಹಳೇ ಹಗೇವಿನ ಗುಟ್ಟೇ ಈಗ ಚೀಲದ ರೂಪದಲ್ಲಿ ಬಂದದೆ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ನಮ್ಮ ಹಂಗೇ ಅಲಸಂದೆ ಬೆಳೆಯೋ ರೈತರಿಗೆ ಅಂತ 1980ರ ದಶಕದ ಕೊನೇಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದೋರು ಶುರು ಮಾಡಿದ ಕೆಲಸ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಆಚೆ ಒಂದು ನೇಯ್ದ ಚೀಲ, ಮೂರನ್ನೂ ಬೇರೆ ಬೇರೆ ಬಿಗಿದು ಕಟ್ಟೋದು. ಗಾಳಿ ಹೋಗಲ್ಲ, ಹುಳ ತನ್ನ ಉಸಿರಲ್ಲೇ ಸಾಯ್ತದೆ. ಆ ಚೀಲ ಸಿಗದಿದ್ರೆ ರಬ್ಬರ್ ಸುತ್ತಿರೋ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮೂ ಆಗ್ತದೆ. ಔಷಧಿ ತುಂಬಿದ್ದ ಹಳೇ ಡ್ರಮ್ಮು ಮಾತ್ರ ಬೇಡವೇ ಬೇಡ.

ನಮ್ಮ ಮನೇಲಿ ಮಾಡೋದು ಇಷ್ಟು:

ಒಂದು, ಒಣಗಿಸೋದು. ಕಾಳು ಹಲ್ಲಲ್ಲಿ ಕಚ್ಚಿದ್ರೆ ಟಣ್ ಅಂತ ಒಡೀಬೇಕು, ಒತ್ತಿ ಚಪ್ಪಟೆ ಆಗಬಾರದು. ಆಮೇಲೆ ನೆರಳಲ್ಲಿ ಆರಿಸಿ ತುಂಬ್ತೀವಿ. ಬಿಸಿ ಕಾಳು ತುಂಬಿದ್ರೆ ಒಳಗೆ ಬೆವರಿ ಮುಗ್ಗಲು ಹಿಡೀತದೆ.

ಎರಡು, ತಿನ್ನೋ ಕಾಳಿಗೆ ಕೆಜಿಗೆ ಒಂದು ಟೀ ಚಮಚ, ಅಂದ್ರೆ 5 ಮಿ.ಲೀ. ಹರಳೆಣ್ಣೆ, ಎಲ್ಲ ಕಾಳಿಗೂ ಹತ್ತೋ ಹಂಗೆ ಕೈಯಲ್ಲಿ ಉಜ್ಜೋದು. ಅಡುಗೆಗೆ ಮುಂಚೆ ಬಿಸಿನೀರಲ್ಲಿ ತೊಳೆದ್ರೆ ಆಯ್ತು.

ಮೂರು, ಬಿತ್ತನೆ ಕಾಳಿಗೆ ಜರಡಿ ಹಿಡಿದ ಬೂದಿ. ಕಾಳಿನ ಸಂದಿಯೆಲ್ಲ ತುಂಬಬೇಕು, ಮೇಲೆ ಚಿಮುಕಿಸಿದ್ರೆ ಸಾಲದು.

ನಾಲ್ಕು, ಡ್ರಮ್ಮನ್ನ ಬಾಯಿ ತನಕ ತುಂಬೋದು. ಖಾಲಿ ಬಿಟ್ಟಷ್ಟೂ ಗಾಳಿ, ಗಾಳಿ ಇದ್ದಷ್ಟೂ ಹುಳ. ಎರಡು ತಿಂಗಳು ತೆಗೆಯಲ್ಲ. ದಿನಬಳಕೆಗೆ ಬೇರೆ ಸಣ್ಣ ಡಬ್ಬ.

ಐದು, ಹಳೇ ಮೂಟೆ ಪಕ್ಕ ಹೊಸ ಕಾಳು ಇಡಲ್ಲ. ಹಳೇ ಗೋಣಿಚೀಲನ ಕುದಿಯೋ ನೀರಲ್ಲಿ ಅದ್ದಿ ಒಣಗಿಸಿದ ಮೇಲೇನೇ ಬಳಸೋದು.

ಇವುಗಳಲ್ಲಿ ಯಾವುದಕ್ಕೂ ನೂರಾರು ರೂಪಾಯಿ ಬೇಡ. ಮಾತ್ರೆಯಷ್ಟು ಬೇಗ ಆಗಲ್ಲ, ಕೈಗೆ ಕೆಲಸ ಜಾಸ್ತಿ, ಒಪ್ತೀನಿ. ಕ್ವಿಂಟಾಲ್‌ಗಟ್ಟಲೆ ಇದ್ದು, ಹುಳ ಆಗಲೇ ಬಿದ್ದಿದ್ರೆ, ಮಾರಿಬಿಡೋದೇ ವಾಸಿ. ಮನೆಗೆ ಮಾತ್ರೆ ತರೋದು ಬೇಡ.

ಅಗರ, ಕೆಸ್ತೂರು, ಹೊನ್ನೂರು, ಅಂಬಳೆ, ಗುಂಬಳ್ಳಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಎರಡು ಮಾತು ಕೇಳ್ಕೊಳ್ತೀನಿ. ನಿಮ್ಮೂರಲ್ಲಿ ಹಗೇವು ಇದ್ದ ಜಾಗ ತೋರಿಸೋ ಹಿರೀಕರು ಇದ್ರೆ ಈಗಲೇ ಕೇಳಿ ಬರೆದಿಡಿ, ಅವರು ಹೋದ್ರೆ ಆ ಜಾಗ ಬರೀ ಮಣ್ಣು. ಇನ್ನೊಂದು, ಇವತ್ತು ಸಂಜೆ ಮನೆ ಅಟ್ಟ, ಮೂಟೆ ಸಂದಿ, ಗೂಡು ಒಂದು ಸಲ ನೋಡಿ. ಒಡೆಯದ ಮಾತ್ರೆ ಡಬ್ಬಿ ಸಿಕ್ಕಿದ್ರೆ ಬಿಚ್ಚಬೇಡಿ, ನೀರು ತಾಗಿಸಬೇಡಿ, ಒಲೆಗೆ ಹಾಕಬೇಡಿ. ಮಕ್ಕಳ ಕೈಗೆ ಸಿಗದಂಗೆ ಮನೆಯಿಂದ ಆಚೆ, ಮಳೆ ನೀರು ಬೀಳದ ಕಡೆ ಇಟ್ಟು, ಏನ್ ಮಾಡಬೇಕು ಅಂತ ರೈತ ಸಂಪರ್ಕ ಕೇಂದ್ರದೋರನ್ನ ಕೇಳಿ.